ಹಳೆಯ ಬೋನುಗಳೂ ಹೊಸ ವ್ಯಾಮೋಹವೂ

ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದ್ದ ತಾಮ್ರ ಹಿತ್ತಾಳೆಯ ಪಾತ್ರೆಗಳೂ ದೀಪದ ಕಂಬಗಳೂ ಕಡೆಗೋಲು ಒನಕೆಗಳೂ ನಡುಮನೆಗೆ ಇಳಿದು ಬಂದು ಅಲಂಕಾರವಸ್ತುಗಳಾಗಿ ಕೆಲವು ಕಾಲವಾಯಿತು. ಹಿರಿಯರು ಮುಟ್ಟಿದ ಸಾಮಾನಿನಲ್ಲಿ ಮಮತೆ ಹುಟ್ಟುವುದು ಸಹಜ. ಅದನ್ನು ಆಕ್ಷೇಪಿಸುವವರು ರಸಹೀನರೇ ಸರಿ. ಆದರೆ ಅವುಗಳ ಹಿಂದೆಯೇ ಈಚೆಗೆ ಬೇರೊಂದು ವರ್ಗದ ಸಾಮಾನುಗಳೂ ಇಳಿದು ಬರುತ್ತಿವೆ: ಹಲ್ಲುಳ್ಳ ಕಬ್ಬಿಣದ ಕತ್ತರಿಬೋನು, ತಂತಿಯ ಉರುಳು, ಮರದ ಇಲಿಬೋನು, ಹಿತ್ತಾಳೆಯ ಔಷಧಿ ಪಂಪು. ಇವನ್ನು ಬೆಲೆ ಕೊಟ್ಟು ಕೊಂಡು ತರುವವರಿದ್ದಾರೆ. ಅತಿಥಿಗೃಹದ ಗೋಡೆಗೆ ತೂಗುಹಾಕುವವರಿದ್ದಾರೆ. ಇಷ್ಟಕ್ಕೇ ನಿಲ್ಲದೆ, ತುಕ್ಕು ಬಿಡಿಸಿ ಎಣ್ಣೆ ಹಚ್ಚಿ ತೋಟದ ಬೇಲಿಯಲ್ಲಿ ಒಡ್ಡಿ, ಹಳೆಯ ಕಾಲದ ಕಬ್ಬಿಣ ಇಂದಿಗೂ ಮೋಸಮಾಡದೆಂದು ಹೆಮ್ಮೆಪಡುವವರೂ ಇದ್ದಾರೆ. ಈ ಮೂರನೆಯವರ ವಿಷಯವಾಗಿಯೂ, ಇವರಿಗೆ ಎದುರಾಗಿ ನಿಂತು, ಆ ಹಳೆಯ ಕೊಳಕನ್ನೆಲ್ಲ ತಿಪ್ಪೆಗೆಸೆಯಿರಿ, ಅಂಗಡಿಯಲ್ಲಿ ಪಾಷಾಣ ದೊರೆಯುತ್ತದೆ ಎನ್ನುವ ನಾಲ್ಕನೆಯವರ ವಿಷಯವಾಗಿಯೂ ಕೆಲವು ಮಾತು ಹೇಳಬೇಕಾಗಿದೆ.

ಮೊದಲು ಸಂಗ್ರಹದ ಮಾತು. ಬೋನು ಕ್ಷುದ್ರವಸ್ತು, ಅದಕ್ಕೇಕೆ ಚರಿತ್ರೆಯ ಗೌರವ ಎಂದು ಕೇಳುವವರು ನಮ್ಮ ಸೀಮೆಯ ಚರಿತ್ರೆಯನ್ನೇ ಮರೆತವರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. 'ಇಲಿ ಬಿತ್ತು' ಎಂಬ ಎರಡು ಮಾತು ಕಿವಿಗೆ ಬಿದ್ದೊಡನೆ ಜನರು ಮನೆಗೆ ಬೀಗ ಹಾಕಿ ಊರಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡು ದಿನ ಎಣಿಸಿದರು. ಪ್ಲೇಗಿನಮ್ಮನ ಗುಡಿಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿವೆ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಈ ರೋಗವನ್ನು ಇಲಿಯಿಂದ ಇಲಿಗೆ ಒಯ್ಯುವುದು ಚಿಗಟವೆಂದು ತೋರಿಸಿಕೊಟ್ಟರೂ ವಿದ್ವಾಂಸರು ಬಹುಕಾಲ ಅದನ್ನು ನಂಬಲಿಲ್ಲ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟವು ಅದನ್ನು ಬಿಟ್ಟು ಬೇರೆ ಬಿಸಿನೆತ್ತರನ್ನು ಅರಸಿ ಹೊರಡುತ್ತದೆ. ಆದುದರಿಂದಲೇ ಪ್ಲೇಗನ್ನು ಪರೀಕ್ಷಿಸುವವರಿಗೆ ಇಲಿಯನ್ನು ಬಡಿದು ಕೊಲ್ಲುವ ಬೋನಿಗಿಂತ ಜೀವಸಹಿತ ಹಿಡಿಯುವ ಬೋನು ಹೆಚ್ಚು ಬೇಕಾಯಿತು. ಇಲಿಯ ಮೈಯ ಚಿಗಟಗಳನ್ನು ಬಾಚಿ ಎಣಿಸುವ ಕ್ರಮ ಇಂದಿಗೂ ಉಳಿದಿದೆ. ಅಟ್ಟದ ಮೇಲಿನ ತಂತಿಯ ಇಲಿಬೋನು, ಬಲ್ಲವನ ಕಣ್ಣಿಗೆ, ಈ ಕಥೆಯ ಒಂದು ಪುಟ. ಅದನ್ನು ಹರಿದೆಸೆಯಬೇಕೆಂದು ಯಾರೂ ಹೇಳಲಾರರು.

ಆದರೆ ಸಾಕ್ಷಿಯನ್ನು ಸಾಕ್ಷಿಯಾಗಿಯೇ ಇಡಬೇಕು. ಅದಕ್ಕೆ ಹೂಮಾಲೆ ಹಾಕಿದರೆ ಅದು ಸುಳ್ಳುಸಾಕ್ಷಿಯಾಗುತ್ತದೆ. ಕತ್ತರಿಬೋನಿನ ಚರಿತ್ರೆಯಲ್ಲಿ ಇದಕ್ಕೆ ಒಂದು ಒಳ್ಳೆಯ ದೃಷ್ಟಾಂತವಿದೆ. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒನೈಡಾ ಎಂಬಲ್ಲಿ ಜಾನ್ ಹಂಫ್ರಿ ನಾಯ್ಸ್ ಎಂಬ ಧರ್ಮೋಪದೇಶಕನು ಒಂದು ಸಮುದಾಯವನ್ನು ಸ್ಥಾಪಿಸಿದನು. ಮನುಷ್ಯನು ಈ ಲೋಕದಲ್ಲಿಯೇ ಪಾಪರಹಿತನಾಗಿ ಪೂರ್ಣತೆಯನ್ನು ಪಡೆಯಬಹುದೆಂಬುದು ಅವರ ಸಿದ್ಧಾಂತ. ಸ್ವತ್ತೆಲ್ಲವೂ ಎಲ್ಲರಿಗೂ ಸೇರಿದ್ದು. ಈ ಪುಣ್ಯಜೀವಿಗಳ ಅನ್ನ ಬಹುಕಾಲ ನಡೆದದ್ದು ಯಾವುದರಿಂದ? ಸೀವೆಲ್ ನ್ಯೂಹೌಸ್ ಎಂಬ ಅವರ ಸದಸ್ಯನು ರೂಪಿಸಿದ, ಕಾಡುಮೃಗದ ಕಾಲನ್ನು ಕಚ್ಚಿ ಹಿಡಿಯುವ ಉಕ್ಕಿನ ಕತ್ತರಿಬೋನುಗಳ ಮಾರಾಟದಿಂದ. ಮುಂದೆ ಅವರು ಬೆಳ್ಳಿಯ ಚಮಚಗಳ ತಯಾರಿಕೆಗೆ ತಿರುಗಿದರು. ಇಂದು ನ್ಯೂಹೌಸನ ಹೆಸರು ಒತ್ತಿದ ಬೋನನ್ನು ಸಂಗ್ರಾಹಕರು ರತ್ನದಂತೆ ಕಾಪಾಡುತ್ತಾರೆ. ಕಾಪಾಡಲಿ. ಆದರೆ ಆ ಬೋನನ್ನು ನೋಡುವವನಿಗೆ ಉಕ್ಕಿನ ಹದ, ಸ್ಪ್ರಿಂಗಿನ ಬಿಗಿ, ಕೆತ್ತಿದ ಅಕ್ಷರಗಳ ಸೊಗಸು ಮಾತ್ರವೇ ಕಂಡು, ರಾತ್ರಿಯೆಲ್ಲ ಅದರಲ್ಲಿ ಸಿಲುಕಿ ತನ್ನ ಕಾಲನ್ನು ತಾನೇ ಕಡಿದುಕೊಂಡ ಪ್ರಾಣಿ ಕಾಣದೆ ಹೋದರೆ, ಆ ಸಂಗ್ರಹದಿಂದ ಬಂದ ಜ್ಞಾನವೇನು? ಪೂರ್ಣತೆಯನ್ನು ಬೋಧಿಸುತ್ತ ಕತ್ತರಿಯನ್ನು ಮಾರಿದವರ ಕುರುಡುತನವೇ ನಮಗೂ ಅಂಟಿತೆಂದು ಹೇಳಬೇಕಷ್ಟೆ.

ಆ ಕಾಲದ ದೃಷ್ಟಿ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎಂಬ ಸಮಾಧಾನ ಸಿದ್ಧವಾಗಿದೆ. ಇದು ಅರ್ಧ ಸತ್ಯ. ಇಂಗ್ಲೆಂಡಿನಲ್ಲಿ ಜಮೀನುದಾರರು ಕಳ್ಳಬೇಟೆಗಾರರನ್ನು ಹಿಡಿಯಲು ಮನುಷ್ಯರ ಕಾಲಿಗೇ ಇಂಥ ಕತ್ತರಿಗಳನ್ನು ಒಡ್ಡುತ್ತಿದ್ದರು; 1827ರಲ್ಲಿಯೇ ಅದಕ್ಕೆ ಕಾನೂನಿನ ತಡೆ ಬಿದ್ದಿತು. ಮನುಷ್ಯನ ಕಾಲಿಗೆ ಆಗುವ ನೋವು ಎಂಥದೆಂದು ಅಂದಿನವರಿಗೂ ತಿಳಿದಿತ್ತು. ಮೊಲದ ಕಾಲಿಗೂ ಅದೇ ನೋವೆಂದು ಒಪ್ಪಿಕೊಳ್ಳಲು ಮಾತ್ರ ಅವರಿಗೆ ಮತ್ತೆ ನೂರಮೂವತ್ತು ವರ್ಷ ಹಿಡಿಯಿತು. 1954ರ ಕಾಯಿದೆಯ ಪ್ರಕಾರ ಅಲ್ಲಿ ಹಲ್ಲುಗತ್ತರಿಯ ಉಪಯೋಗ 1958ರಿಂದ ನಿಷಿದ್ಧವಾಯಿತು. ಯುರೋಪಿನ ಒಕ್ಕೂಟವು 1991ರಲ್ಲಿ ನಿಯಮ ಮಾಡಿ 1995ರಿಂದ ಕಾಲು ಹಿಡಿಯುವ ಬೋನುಗಳನ್ನು ತನ್ನ ದೇಶಗಳಲ್ಲಿ ನಿಲ್ಲಿಸಿತು. ಯಾವ ದೇಶಗಳು ಈ ಯಂತ್ರಗಳನ್ನು ಹುಟ್ಟಿಸಿ ಬೆಳೆಸಿದವೋ ಆ ದೇಶಗಳಲ್ಲಿಯೇ ಬಹುಪಾಲು ಇವನ್ನು ಕೈಬಿಟ್ಟ ಮೇಲೆ, ನಾವು ಇವನ್ನು ಪ್ರಾಚೀನ ವಿದ್ಯೆಯೆಂದು ತೋಟದಲ್ಲಿ ಒಡ್ಡುವುದು ಯಾವ ಸಂಪ್ರದಾಯದ ರಕ್ಷಣೆ?

ನಮ್ಮ ದೇಶದ ಕಾನೂನಾದರೂ ಈ ವಿಷಯದಲ್ಲಿ ಮೂಕವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಶಬ್ದದ ಅರ್ಥದೊಳಗೆ ವಿಷವಿಡುವುದು, ಉರುಳೊಡ್ಡುವುದು, ಬೋನಿಗೆ ಕೆಡಹುವುದು ಇವೆಲ್ಲವೂ ಸೇರಿವೆ. ಹಾಗೆ ಮಾಡಲು ಪ್ರಯತ್ನಿಸುವುದೂ ಸೇರಿದೆ. 'ಆಯುಧ' ಎಂಬ ಶಬ್ದದ ಅರ್ಥದಲ್ಲಿ ಬಂದೂಕಿನೊಡನೆ ಬಲೆ, ಉರುಳು, ಬೋನುಗಳನ್ನೂ ಹೆಸರು ಹಿಡಿದು ಹೇಳಿದೆ. ಚಿರತೆಯನ್ನು ಹಿಡಿಯಲು ಅರಣ್ಯ ಇಲಾಖೆಯವರು ಇಡುವ ದೊಡ್ಡ ಬೋನಿಗೆ ಅಧಿಕಾರಿಯ ಅಪ್ಪಣೆ ಬೇಕು. ತೋಟದ ಯಜಮಾನನ ಕತ್ತರಿಗೆ ಅವನ ಮನಸ್ಸೇ ಅಪ್ಪಣೆ! ತನ್ನ ಉರುಳು ಹಂದಿಗಾಗಿ ಒಡ್ಡಿದ್ದು, ಚಿರತೆಗಲ್ಲ ಎಂದು ಆತನು ಹೇಳಬಹುದು. ಆದರೆ ಉರುಳಿಗೆ ಓದು ಬರುವುದಿಲ್ಲ. ಅದೇ ದಾರಿಯಲ್ಲಿ ನಡೆದು ಬಂದ ಚಿರತೆಯ ಸೊಂಟಕ್ಕೂ, ನೆರೆಮನೆಯ ದನದ ಕಾಲಿಗೂ, ಸೌದೆಗೆ ಹೋದ ಮಗುವಿನ ಪಾದಕ್ಕೂ ಅದು ಒಂದೇ ಸಮನಾಗಿ ಬಿಗಿಯುತ್ತದೆ. ಹಂದಿಯ ಉರುಳಿಗೆ ಸಿಕ್ಕಿ ಚಿರತೆ ಸತ್ತ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ.

ಇಲ್ಲಿ ರೈತನ ಪಕ್ಷವನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ವರ್ಷವೆಲ್ಲ ಬೆವರಿಳಿಸಿ ಬೆಳೆದ ಗೆಣಸಿನ ಮಡಿಯನ್ನು ಒಂದು ರಾತ್ರಿಯಲ್ಲಿ ಹಂದಿಯ ಹಿಂಡು ಉತ್ತುಹಾಕಿದಾಗ, ಪಟ್ಟಣದಲ್ಲಿ ಕುಳಿತವರ ಪ್ರಾಣಿದಯೆ ಅವನ ಹೊಟ್ಟೆಯನ್ನು ತುಂಬಿಸದು. ಸರ್ಕಾರದ ಪರಿಹಾರ ಸಾಲದು, ತಡವಾಗಿ ಬರುತ್ತದೆ ಎಂಬ ದೂರನ್ನು ಹುಸಿಯೆಂದು ತಳ್ಳಿಬಿಡಲಾಗದು. ಆದರೆ ಗಮನಿಸಿರಿ: ಹಳೆಯ ಕತ್ತರಿಗಳನ್ನು ಬೆಲೆಗೆ ಕೊಂಡು ಒಡ್ಡುವವನು ಈ ಬಡರೈತನಲ್ಲ. ಅವನ ದುಃಖವನ್ನು ಮುಂದಿಟ್ಟುಕೊಂಡು ವಿನೋದಕ್ಕೆ ಬೋನೊಡ್ಡುವ ವಿರಾಮವಂತನ ಮಾತು ಬೇರೆ. ರೈತನಿಗೆ ಬೇಕಾದದ್ದು ಗಟ್ಟಿಯಾದ ಬೇಲಿ, ಸರದಿಯ ಕಾವಲು, ಸಕಾಲದ ಪರಿಹಾರ. ಇವುಗಳಿಗಾಗಿ ಸರ್ಕಾರದೊಡನೆ ವಾದಿಸುವ ಶ್ರಮವನ್ನು ವಿದ್ಯಾವಂತರು ವಹಿಸಿಕೊಂಡರೆ ಅದು ನೂರು ಕತ್ತರಿಗಳಿಗಿಂತ ಹೆಚ್ಚಿನ ಉಪಕಾರ.

ಇನ್ನು ನಾಲ್ಕನೆಯವರ ವಿಷಯ. ಹಳೆಯ ಬೋನು ಕ್ರೂರ, ಅಸಹ್ಯ. ಪಾಷಾಣದ ಬಿಲ್ಲೆ, ಅಂಟಿನ ಹಲಗೆಗಳೇ ನಾಗರಿಕ ಮಾರ್ಗವೆಂಬುದು ಇವರ ವಾದ. ಈ ನಾಗರಿಕತೆ ಎಂಥದು? ಅಂಟಿನ ಹಲಗೆಗೆ ಸಿಕ್ಕಿದ ಇಲಿ ಕೂಡಲೇ ಸಾಯುವುದಿಲ್ಲ. ಹಸಿವು ಬಾಯಾರಿಕೆಗಳಿಂದಲೂ ಬಳಲಿಕೆಯಿಂದಲೂ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಕೀರಲುತ್ತ ಸಾಯುತ್ತದೆ. ಇಂಗ್ಲೆಂಡಿನಲ್ಲಿ 2022ರ ಕಾಯಿದೆಯಿಂದ ಸಾಮಾನ್ಯ ಜನರು ಇದನ್ನು ಉಪಯೋಗಿಸುವುದನ್ನು ತಡೆದು, 2024ರಲ್ಲಿ ಅದನ್ನು ಜಾರಿಗೆ ತಂದರು. ನಮ್ಮ ಪ್ರಾಣಿಕಲ್ಯಾಣ ಮಂಡಳಿಯೂ ಇದರ ವಿರುದ್ಧ ಸಲಹಾಪತ್ರಗಳನ್ನು ಹೊರಡಿಸಿದೆ. ಪಾಷಾಣದ ಮಾತೋ ಇನ್ನೂ ದೊಡ್ಡದು. ನೆತ್ತರು ಹೆಪ್ಪುಗಟ್ಟದಂತೆ ಮಾಡುವ ವಿಷಗಳು 1948ರ ಸುಮಾರಿಗೆ ಇಲಿಗಳಿಗಾಗಿ ಬಳಕೆಗೆ ಬಂದವು. ಇದನ್ನು ತಿಂದ ಇಲಿ ಕೆಲವು ದಿನ ಒಳಗೊಳಗೇ ನೆತ್ತರು ಸೋರಿ ಸಾಯುತ್ತದೆ; ಆ ಮಧ್ಯೆ ಅದನ್ನು ಹಿಡಿದು ತಿಂದ ಕಣಜ ಗೂಬೆಗೂ ವಿಷ ಏರುತ್ತದೆ. ಇಲಿಯನ್ನು ಕೂಲಿಯಿಲ್ಲದೆ ಹಿಡಿದುಕೊಡುತ್ತಿದ್ದ ಗೂಬೆಯನ್ನು ಕೊಂದು, ಆಮೇಲೆ ಇಲಿ ಹೆಚ್ಚಾಯಿತೆಂದು ಮತ್ತೆ ಪಾಷಾಣ ಕೊಳ್ಳುವುದು ಯಾವ ಜಾಣತನ? ಹಳದಿ ರಂಜಕದ ಇಲಿಪಾಷಾಣವಂತೂ ಮನೆಯಲ್ಲಿದ್ದರೇ ಅಪಾಯ. ಮನುಷ್ಯನ ಹೊಟ್ಟೆ ಸೇರಿದರೆ ಅದು ಯಕೃತ್ತನ್ನು ಕೆಡಿಸುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಇದರ ಮುಂದೆ ತಂತಿಯ ಇಲಿಬೋನು ಎಷ್ಟೋ ಪ್ರಾಮಾಣಿಕವಾದ ಉಪಕರಣ. ಯಾರು ಸಿಕ್ಕಿದರೆಂದು ಬೆಳಗ್ಗೆ ಕಣ್ಣಾರೆ ನೋಡಬಹುದು. ಅಳಿಲು ಸಿಕ್ಕಿದರೆ ಬಿಟ್ಟುಬಿಡಬಹುದು. 1894ರಲ್ಲಿ ಅಮೆರಿಕದ ವಿಲಿಯಂ ಹೂಕರ್ ಹಕ್ಕುಪತ್ರ ಪಡೆದ, ಸ್ಪ್ರಿಂಗಿನಿಂದ ಬಡಿಯುವ ಹಲಗೆಬೋನು ಸಹ, ಸ್ಪ್ರಿಂಗು ಬಿಗಿಯಾಗಿದ್ದರೆ, ಕ್ಷಣದಲ್ಲಿ ಕೆಲಸ ಮುಗಿಸುತ್ತದೆ. ಸ್ಪ್ರಿಂಗು ಸಡಿಲವಾದ ಹಳೆಯ ಬೋನು ಮಾತ್ರ ಅರ್ಧ ಬಡಿದು ನರಳಿಸುತ್ತದೆ. ಅದನ್ನು ಗೋಡೆಗೆ ತೂಗುಹಾಕುವುದೇ ಸರಿ.

ಔಷಧಿ ಪಂಪುಗಳಲ್ಲಿಯೂ ಇದೇ ವಿವೇಕ ಬೇಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿಗಳು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯಲು ಕಲಿಸಿದರು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ಮಲೆನಾಡಿಗೆ ಅದು ದೊಡ್ಡ ಬದಲಾವಣೆ. ಆ ಕಾಲದ ಹಿತ್ತಾಳೆಯ ಪಂಪು ಮನೆಯಲ್ಲಿದ್ದರೆ ಅದು ಮಾನ್ಯವಸ್ತು. ಆದರೆ ಅದೇ ಪಂಪಿನಲ್ಲಿ ಮುಂದಿನ ತಲೆಮಾರಿನವರು ಏನೇನು ತುಂಬಿದರೆಂದು ಯಾರು ಬಲ್ಲರು? ಡಿಡಿಟಿಯನ್ನು ಬೇಸಾಯದಲ್ಲಿ 1989ರಲ್ಲಿ ನಿಷೇಧಿಸಿದರು, ಬಿಎಚ್‌ಸಿಯನ್ನು 1997ರಲ್ಲಿ. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಡೆಯುವ ಹೊತ್ತಿಗೆ ಎಷ್ಟೋ ಮನೆಗಳ ತೊಟ್ಟಿಲುಗಳಿಗೆ ದುಃಖ ತಟ್ಟಿತ್ತು. ಇಂಥ ವಿಷಗಳ ಶೇಷವಿರಬಹುದಾದ ಪಂಪನ್ನು ಹೂದೋಟಕ್ಕೆ ನೀರು ಚಿಮುಕಿಸಲು ಮಕ್ಕಳ ಕೈಗೆ ಕೊಡುವುದು ಅಜ್ಞಾನವಲ್ಲ, ಅಪರಾಧ.

ಹಾಗಾದರೆ ಸಂಗ್ರಾಹಕನ ಧರ್ಮವೇನು? ಕತ್ತರಿಬೋನಿನ ಸ್ಪ್ರಿಂಗನ್ನು ಬಿಚ್ಚಿ ಅಥವಾ ಬೆಸೆದು ಅದು ಮತ್ತೆ ಬಾಯಿ ತೆರೆಯದಂತೆ ಮಾಡುವುದು; ಹಳೆಯ ಇಲಿಬೋನನ್ನು ಕೈಚೀಲ ತೊಟ್ಟು ಕುದಿನೀರಿನಲ್ಲಿ ತೊಳೆಯುವುದು, ಏಕೆಂದರೆ ಇಲಿಜ್ವರವು ಇಲಿಯ ಮೂತ್ರದಿಂದ ಬರತಕ್ಕದ್ದು; ಪಂಪನ್ನು ಮುಚ್ಚಿದ ಕಪಾಟಿನಲ್ಲಿಡುವುದು; ಉರುಳನ್ನು ತುಂಡರಿಸುವುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ವಸ್ತುವಿನ ಪಕ್ಕದಲ್ಲಿ ಒಂದು ಚೀಟಿ: ಇದನ್ನು ಯಾರು ಮಾಡಿದರು, ಎಲ್ಲಿ ಒಡ್ಡಿದರು, ಯಾವ ಪ್ರಾಣಿಗೆ ಒಡ್ಡಿದರು, ಅದಕ್ಕೆ ಏನಾಗುತ್ತಿತ್ತು. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಕೈ ಹಿಂಜರಿದರೆ ಆ ವಸ್ತುವನ್ನು ಅಲಂಕಾರಕ್ಕಿಡುವ ಅರ್ಹತೆ ನಮಗಿಲ್ಲ.

ಹಿರಿಯರ ಸಾಮಾನು ಹಿರಿಯರ ಗುಣವೂ ಹೌದು, ದೋಷವೂ ಹೌದು. ಗುಣವನ್ನು ಉಪಯೋಗಿಸಬೇಕು, ದೋಷವನ್ನು ನೆನಪಿಡಬೇಕು. ನೆನಪಿಡಬೇಕಾದುದನ್ನು ಉಪಯೋಗಿಸಿ ಉಪಯೋಗಿಸಬೇಕಾದುದನ್ನು ತಿಪ್ಪೆಗೆಸೆಯುವುದು ಈ ಕಾಲದ ವೈಪರೀತ್ಯ. ಇಲಿಬೋನನ್ನು ಅಡಿಗೆಮನೆಯಲ್ಲಿಯೂ ಕತ್ತರಿಬೋನನ್ನು ಗಾಜಿನ ಪೆಟ್ಟಿಗೆಯಲ್ಲಿಯೂ ಇಡುವಷ್ಟು ತಾರತಮ್ಯಜ್ಞಾನ ನಮ್ಮ ವಿದ್ಯಾವಂತ ಮನೆತನಗಳಲ್ಲಿ ಇರಬೇಕಲ್ಲವೆ? ವಿಜ್ಞರಾದ ವಾಚಕರು ವಿಚಾರಿಸಲಿ.