ನಾಯಿ ಬದುಕಿತೇನ್ರಿ, ಅಕ್ಕೋರ?

ವಿಜಯಪುರದಲ್ಲಿ ನಡೆದ ಒಂದು ಸಾಹಿತ್ಯ ಗೋಷ್ಠಿಗೆ ಹೋಗಿದ್ದೆ. ಓದುಗರ ಅಭಿರುಚಿಯ ಬಗ್ಗೆ ಮಾತಾಡಲು ಎದ್ದ ಹಿರಿಯರೊಬ್ಬರು, ನಮ್ಮ ಹೆಣ್ಣುಮಕ್ಕಳ ಕೈಗೆ ಪತ್ತೇದಾರಿ ಕಾದಂಬರಿ ಕೊಟ್ಟರೆ ಅವರು ಕೊಲೆಗಾರ ಯಾರೆಂದು ಕೇಳುವುದಿಲ್ಲ, ಕಥೆಯೊಳಗಿನ ನಾಯಿ ಬದುಕಿತೋ ಸತ್ತಿತೋ ಎಂದು ಕೇಳುತ್ತಾರೆ ಎಂದರು. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ವೇದಿಕೆ ಮೇಲಿನವರು ನಕ್ಕರೆ ಕೆಳಗೆ ಕೂತವರು ನಗಬೇಕೆಂಬುದು ಮೈಗೆ ಹತ್ತಿಬಿಟ್ಟಿದೆ. ಸಿಂದಗಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಮಾತಿನ ಮೂಲ ನಾನೇ. ಊಟದ ಸಾಲಿನಲ್ಲಿ ನಿಂತಾಗ ಅವರಿಗೆ ನಮ್ಮ ಶನಿವಾರದ ಕಥೆಯ ಸಂಗತಿ ಹೇಳಿದವಳು ನಾನೇ. ನಾನು ಕೊಟ್ಟ ಬಂಗಾರವನ್ನು ಅವರು ಹಿತ್ತಾಳೆ ಮಾಡಿ ಸಭೆಗೆ ಹಂಚಿದರು. ಅಲ್ಲಿ ಎದ್ದು ಹೇಳಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಶನಿವಾರದ ಕಥೆ ಎಂದರೆ ದೊಡ್ಡದೇನಲ್ಲ. ಮಧ್ಯಾಹ್ನ ಮುಸುರೆ ತೊಳೆದಾದ ಮೇಲೆ ನಮ್ಮ ಓಣಿಯ ಏಳೆಂಟು ಮಂದಿ ನನ್ನ ಪಡಸಾಲೆಗೆ ಬರುತ್ತಾರೆ. ಒಬ್ಬಳು ಅಕ್ಕಿ ಆರಿಸಲು ತರುತ್ತಾಳೆ, ಒಬ್ಬಳು ಬ್ಲೌಜಿಗೆ ಹುಕ್ಕು ಹಚ್ಚುತ್ತಾಳೆ. ನಾನು ಓದಿದ ಪುಸ್ತಕವನ್ನು ಕಥೆ ಮಾಡಿ ಹೇಳುತ್ತೇನೆ. ಹಿಂದೆ ನಮ್ಮವ್ವ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಹೀಗೇ ಹೇಳಿಸಿಕೊಳ್ಳುತ್ತಿದ್ದಳು. ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡಕ್ಕೆ ಬಂದಾಗ ನಾನೇ ಹೆದರಿ ಹಿತ್ತಲಿಗೆ ಒಬ್ಬಳೇ ಹೋಗುತ್ತಿರಲಿಲ್ಲ. ರೋಮಾಂಚಕ ಕಥೆ ನಮಗೆ ಹೊಸದಲ್ಲ. ಅದನ್ನು ಓದಿದೆವೆಂದು ಹೇಳಿಕೊಳ್ಳಲು ನಾಚುವುದೂ ಹೊಸದಲ್ಲ.

ಈ ಸಲದ ಪುಸ್ತಕ ಅಮೆರಿಕದ ರಾಬರ್ಟ್ ಕ್ರೇಸ್ ಬರೆದ 'ಸಸ್ಪೆಕ್ಟ್'. 2013ರಲ್ಲಿ ಬಂದದ್ದು, ಮಗಳು ಓದಿ ಕಳಿಸಿದ್ದಳು. ಕಥೆಯ ನಿವೃತ್ತ ಸೈನಿಕ ಮನುಷ್ಯನಲ್ಲ, ಮ್ಯಾಗಿ ಎಂಬ ಹೆಣ್ಣು ನಾಯಿ. ಜರ್ಮನ್ ಶೆಫರ್ಡ್ ಜಾತಿ, ಅಫ್ಘಾನಿಸ್ತಾನದಲ್ಲಿ ಅಮೆರಿಕದ ಮರೀನ್ ಪಡೆಗೆ ಬಾಂಬು ಹುಡುಕಿ ಕೊಡುತ್ತಿದ್ದದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಸಿಪಾಯಿ ಸತ್ತ. ಅವನ ಮೈಮೇಲೆ ಬಿದ್ದು ಕಾಯಲು ಹೋಗಿ ಅದೂ ಗುಂಡು ತಿಂದಿತು. ಇತ್ತ ಲಾಸ್ ಏಂಜಲಿಸ್‌ನಲ್ಲಿ ಸ್ಕಾಟ್ ಜೇಮ್ಸ್ ಎಂಬ ಪೊಲೀಸ. ರಾತ್ರಿ ಗಸ್ತಿನಲ್ಲಿ ಜೊತೆಗಿದ್ದ ಸ್ಟೆಫನಿ ಎಂಬಾಕೆ ಅವನ ಕಣ್ಣೆದುರಿಗೇ ಗುಂಡೇಟಿಗೆ ಬಲಿಯಾದಳು. ತನ್ನನ್ನು ಬಿಟ್ಟು ಹೋಗಬೇಡ ಎಂದ ಅವಳ ದನಿ ಅವನಿಗೆ ನಿದ್ದೆಯಲ್ಲೂ ಕೇಳುತ್ತದೆ. ಪಟಾಕಿಯಂಥ ಸದ್ದು ಕೇಳಿದರೆ ನಾಯಿ ನಡುಗುತ್ತದೆ, ಮನುಷ್ಯನೂ ನಡುಗುತ್ತಾನೆ. ಅದು ಕುಂಟುವುದನ್ನು ಅವನು ಮೇಲಿನವರಿಂದ ಮುಚ್ಚಿಡುತ್ತಾನೆ. ಇಬ್ಬರೂ ಸೇರಿ ಕೊಲೆಗಾರರ ಜಾಡು ಹಿಡಿಯುತ್ತಾರೆ. ಕೆಲವು ಅಧ್ಯಾಯಗಳು ನಾಯಿಯ ಮೂಗಿನಿಂದಲೇ ಹೇಳಿದವು. ಮನುಷ್ಯನ ಭಯ, ಅವನ ಬೆವರು, ಅವನ ದುಃಖ, ಎಲ್ಲಕ್ಕೂ ಒಂದೊಂದು ವಾಸನೆ. ಆ ಭಾಗ ಹೇಳುವಾಗ ನಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುವ ಕೈ ನಿಂತಿತ್ತು.

ಇದೇ ಕಥೆಯನ್ನು ಮದುವೆ, ಕುಬಸ ಎಂದು ಹೋದಲ್ಲೆಲ್ಲ ಹೇಳಿದೆ. ಇಂಡಿಯಲ್ಲಿ ತಂಗಿಯ ಮನೆ, ಮುದ್ದೇಬಿಹಾಳದಲ್ಲಿ ಬೀಗರ ಮನೆ, ಬಸವನ ಬಾಗೇವಾಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ಮನೆ. ಎಲ್ಲರೂ ಮೆಚ್ಚಿದರೆಂದು ಹೇಳಲಾರೆ. ನಮ್ಮ ಓಣಿಯ ಒಬ್ಬಾಕೆ, "ಇದೆಲ್ಲಾ ಹೊಟ್ಟಿ ತುಂಬಿದವರ ಲಾಡ ಬಿಡ್ರಿ, ಅಲ್ಲಿ ನಾಯಿಗೆ ಡಾಕ್ಟರ್ ಬರ್ತಾನ, ಇಲ್ಲಿ ಬಾಣಂತಿಗೆ ಗಾಡಿ ಸಿಗೂದಿಲ್ಲ" ಅಂದಳು. ಅವಳ ಮಾತಿಗೆ ನಾನು ಎದುರಾಡಲಿಲ್ಲ. ಇನ್ನೊಬ್ಬಾಕೆ, "ಬರೇ ನಾಯಿ ಕಥಿ ಇದ್ರ ಚೊಲೋ ಇತ್ತು, ಆ ಮನಶ್ಯಾನ ಗೋಳ ಸಾಕಾತು" ಅಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ನಾಯಿ ಹೆದರಿದರೆ ಪಾಪ, ಗಂಡಸು ಹೆದರಿದರೆ ಗೋಳೇ? ಗಂಡಸರು ಅಳಬಾರದೆಂದು ಕಲಿಸಿದವರಲ್ಲಿ ನಾವು ತಾಯಂದಿರೂ ಇದ್ದೇವೆ ಎಂದು ಅವಳಿಗೆ ಹೇಳಿದೆ. ಎರಡು ಶನಿವಾರ ಬರಲಿಲ್ಲ. ಮೂರನೆಯದಕ್ಕೆ ಬಂದಳು.

ಇಂಡಿಯಲ್ಲಿ ತಂಗಿಯ ನಾದಿನಿ ನಿಂಬೆತೋಟ ನೋಡಿಕೊಳ್ಳುವವಳು. ಪುಸ್ತಕ ಓದುವವಳೇ ಅಲ್ಲ. ಅವಳು ಕೇಳಿದ್ದು: "ಅಲ್ಲರಿ ಅಕ್ಕಾರ, ಸತ್ತ ಆ ಹೆಣ್ಮಗಳು ಅದಾಳಲ್ಲ, ಆಕಿ ಮನಿ ಮಂದಿ ಹ್ಯಾಂಗ ಅದಾರು?" ನಾನು ಪುಟ ತಿರುವಿದೆ. ಕಾದಂಬರಿಕಾರನಿಗೆ ಅಲ್ಲಿ ನಿಲ್ಲಲು ಪುರಸೊತ್ತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ತನಿಖೆ ಮಾಡುವ ಒಬ್ಬ ಹೆಣ್ಣು ಅಧಿಕಾರಿ ಕಥೆಯಲ್ಲಿದ್ದಾಳೆ, ಜಾಣೆ, ಧೈರ್ಯದವಳು. ಆದರೂ ಸ್ಟೆಫನಿ ಮೊದಲ ಪುಟಗಳಲ್ಲಿ ಸಾಯುವುದು ನಾಯಕನಿಗೆ ದುಃಖವೊಂದು ಬೇಕಾಗಿದೆ ಎಂದೇ. ಪತ್ತೇದಾರಿ ಪುಸ್ತಕಗಳಲ್ಲಿ ಹೆಣ್ಣಿನ ಹೆಣ ಹೀಗೆ ಎಷ್ಟು ಬಾರಿ ಕಥೆಯ ಅಡಿಗಲ್ಲಾಗಿದೆಯೋ! ವಿಮರ್ಶಕರು ಅದನ್ನು ದೊಡ್ಡ ದೊಡ್ಡ ಮಾತುಗಳಲ್ಲಿ ಬರೆಯುತ್ತಾರೆ. ಇಂಡಿಯ ಹೆಣ್ಣುಮಗಳು ಒಂದೇ ಪ್ರಶ್ನೆಯಲ್ಲಿ ಕೇಳಿದಳು.

ಮುದ್ದೇಬಿಹಾಳದ ಬೀಗತಿಗೆ ಎಪ್ಪತ್ತು ದಾಟಿದೆ. ಮಠದಲ್ಲಿ ಪುರಾಣ ಕೇಳಿದ್ದೇ ಅವರ ಓದು. ಕಥೆ ಮುಗಿಯುವ ತನಕ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಹತ್ತಿತೇನೋ ಅಂದುಕೊಂಡೆ. ಆಮೇಲೆ ಅಂದರು: "ಇದು ಧರ್ಮರಾಯನ ಕಥಿನ ಐತಲ್ಲರಿ. ಹಿಮಾಲಯ ಹತ್ತೂ ಮುಂದ ದ್ರೌಪದಿ ಎಲ್ಲಾರಕಿಂತ ಮೊದಲ ಬಿದ್ಲು, ಅಂವ ತಿರುಗಿ ನೋಡಲಿಲ್ಲ. ಕಡೀಕ ನಾಯಿ ಸಲುವಾಗಿ ಸ್ವರ್ಗಾನ ಬ್ಯಾಡ ಅಂದ." ನಾನು ಮಹಾಪ್ರಸ್ಥಾನದ ಪಾಠ ಎಷ್ಟು ಸಲ ಮಾಡಿರಬಹುದು! ನಾಯಿಯನ್ನು ಬಿಡದ ಧರ್ಮರಾಯನ ದೊಡ್ಡಸ್ತಿಕೆಯ ಬಗ್ಗೆ ಹತ್ತು ಅಂಕದ ಪ್ರಶ್ನೆ ಹಾಕಿದ್ದೇನೆ. ಆ ನಾಯಿಯನ್ನೂ ಆ ದ್ರೌಪದಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿರಲಿಲ್ಲ. ದ್ರೌಪದಿ ಬಿದ್ದದ್ದಕ್ಕೆ ಕಾರಣವನ್ನೂ ಅವನು ಹೇಳುತ್ತಾನೆ: ಆಕೆಗೆ ಅರ್ಜುನನ ಮೇಲೆ ಪಕ್ಷಪಾತವಿತ್ತಂತೆ. ನಾಯಿಗೆ ಇಂಥ ಲೆಕ್ಕವಿಲ್ಲ. ಅದು ಏನೂ ಕೇಳುವುದಿಲ್ಲ, ಹಿಂದಿನದು ಎತ್ತಿ ಆಡುವುದಿಲ್ಲ. ಹಿಂದೆ ಹಿಂದೆ ಬರುತ್ತದೆ, ಅಷ್ಟೇ.

ನಮ್ಮದೇ ಸಿನಿಮಾ '777 ಚಾರ್ಲಿ' 2022ರ ಜೂನ್‌ನಲ್ಲಿ ಬಂತು. ಅಲ್ಲಿ ಕಾಯಿಲೆಯ ನಾಯಿಯನ್ನು ಕರೆದುಕೊಂಡು ಹಿಮ ತೋರಿಸಲು ಹೊರಡುವವನ ಹೆಸರೂ ಧರ್ಮ. ಅದನ್ನು ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತಮ್ಮ ಸತ್ತ ನಾಯಿಯನ್ನು ನೆನೆದು ಅತ್ತರು. ಪತ್ರಿಕೆಗಳೆಲ್ಲ ಫೋಟೋ ಹಾಕಿದವು. ಅದು ಅವರ ಹೃದಯವಂತಿಕೆ. ನಾನು ಅದನ್ನು ಹಳಿಯುವುದಿಲ್ಲ, ನಾನೂ ಸೆರಗು ಒದ್ದೆ ಮಾಡಿಕೊಂಡವಳೇ. ಗೋಷ್ಠಿಯ ಹಿರಿಯರಿಗೆ ನನ್ನ ಪ್ರಶ್ನೆ ಇಷ್ಟೇ: ಮುಖ್ಯಮಂತ್ರಿ ಅತ್ತರೆ ಹೃದಯವಂತಿಕೆ, ಬಾಗೇವಾಡಿಯ ಹೆಣ್ಣುಮಗಳು ಕೇಳಿದರೆ ಕಡಿಮೆ ಅಭಿರುಚಿಯೇ?

ನಾಯಿ ಬದುಕಿತೇ ಎಂಬ ಆ ಪ್ರಶ್ನೆ ಯಾರದೆಂದು ಈಗ ಹೇಳುತ್ತೇನೆ. ಬಸವನ ಬಾಗೇವಾಡಿಯ ನನ್ನ ವಿದ್ಯಾರ್ಥಿನಿಯ ಗಂಡ ಸೇನೆಯಲ್ಲಿದ್ದಾನೆ, ಉತ್ತರದಲ್ಲಿ ಎಲ್ಲೋ. ಎಲ್ಲಿ ಎಂದು ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಾನು ಕಥೆಯ ಮೊದಲ ಭಾಗ, ಅಫ್ಘಾನಿಸ್ತಾನದ ರಸ್ತೆಯ ಮೇಲೆ ಬಾಂಬು ಸಿಡಿದದ್ದು, ಸಿಪಾಯಿ ಬಿದ್ದದ್ದು, ನಾಯಿ ಅವನನ್ನು ಬಿಟ್ಟು ಕದಲದೆ ನಿಂತದ್ದು ಹೇಳಿದೆನೋ ಇಲ್ಲವೋ, ಅವಳು ಕೈಯೆತ್ತಿ ನಿಲ್ಲಿಸಿದಳು. "ಮೊದಲ ಇಷ್ಟ ಹೇಳ್ರಿ. ನಾಯಿ ಬದುಕಿತೇನ್ರಿ, ಅಕ್ಕೋರ? ಇಲ್ಲಂದ್ರ ಕಥಿ ಬ್ಯಾಡ." ಬದುಕುತ್ತದವ್ವಾ ಎಂದೆ. ಆಮೇಲೆಯೇ ಕೇಳಿದಳು, ಕೊನೆಯ ತನಕ. ಅವಳ ಫೋನು ಮಡಿಲಲ್ಲೇ ಇತ್ತು. ಯಾರಿಗೆ ಏನಾಯಿತು ಎಂಬ ಕುತೂಹಲ ಮನೆಯಲ್ಲಿ ಎಲ್ಲರೂ ಇರುವವರಿಗೆ. ದೂರದಲ್ಲಿ ಗಂಡನನ್ನು ಬಿಟ್ಟು ಕೂತವಳಿಗೆ ಯಾವ ಕಥೆಯಲ್ಲೂ ಕೇಳುವುದು ಒಂದೇ ಇರುತ್ತದೆ. ಇದನ್ನು ಊಟದ ಸಾಲಿನಲ್ಲಿ ಆ ಹಿರಿಯರಿಗೆ ಬಿಡಿಸಿ ಹೇಳಿದ್ದೆ. ಅವರು ಹಪ್ಪಳ ಮುರಿಯುತ್ತ ಕೇಳಿದರು.

ಅವಳ ಪ್ರಶ್ನೆ ಬರೀ ಕಥೆಯದೂ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಅನಂತನಾಗ್ ಜಿಲ್ಲೆಯಲ್ಲಿ ಉಗ್ರರ ಗುಂಡು ತಗುಲಿದ ಜೂಮ್ ಎಂಬ ಸೇನೆಯ ನಾಯಿ ಆಸ್ಪತ್ರೆಯಲ್ಲಿ ಸತ್ತದ್ದು ಟಿ.ವಿ.ಯಲ್ಲಿ ಬಂತು. 2023ರ ಸೆಪ್ಟೆಂಬರ್‌ನಲ್ಲಿ ರಜೌರಿಯಲ್ಲಿ ಕೆಂಟ್ ಎಂಬ ಲ್ಯಾಬ್ರಡಾರ್ ಹೆಣ್ಣು ನಾಯಿ ತನ್ನ ಸಿಪಾಯಿಯನ್ನು ಕಾಯುತ್ತ ಸತ್ತಿತು. ನಮ್ಮ ಮುಧೋಳದ ನಾಯಿಗಳೂ 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 1997ರ ತನಕ ಮುಧೋಳವೂ ನಮ್ಮ ಜಿಲ್ಲೆಯೇ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅದೇ ಸೇನೆಯಲ್ಲಿ, ಕೆಲಸಕ್ಕೆ ಬಾರದಾದ ನಾಯಿಗಳಲ್ಲಿ ಹೆಚ್ಚಿನವನ್ನು ಚುಚ್ಚುಮದ್ದು ಕೊಟ್ಟು ಮಲಗಿಸಿಬಿಡುತ್ತಿದ್ದರು ಎಂಬುದು ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ 2015ರಲ್ಲಿ ಹೊರಬಂತು. ಗದ್ದಲವಾಯಿತು, ನ್ಯಾಯಾಲಯಕ್ಕೂ ಹೋಯಿತು. ನಾಯಿ ಬದುಕಿತೇ ಎಂದು ಯಾರೋ ಕೇಳಿದ್ದರಿಂದಲೇ ಅಲ್ಲವೇ ಅದು ಹೊರಬಂದದ್ದು?

ಇನ್ನು ನಮ್ಮ ಮನೆಯ ಮಾತು. ನನ್ನ ಅಣ್ಣ ಸೇನೆಯಲ್ಲಿದ್ದ. 1987ರಲ್ಲಿ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆಯಲ್ಲಿ ಅವನೂ ಒಬ್ಬ. ಆ ದ್ವೀಪದಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. 1990ರಲ್ಲಿ ಉಳಿದವರು ಮರಳಿದಾಗ ಬ್ಯಾಂಡು ಬಾರಿಸಿ ಎದುರುಗೊಂಡವರು ಕಡಿಮೆ. ಪಿಂಚಣಿ ಪಡೆದು ಭೀಮಾ ತೀರದ ನಮ್ಮ ಊರಿಗೆ ಬಂದ ಅಣ್ಣ ಮನೆಯಲ್ಲಿ ಮಲಗಲಿಲ್ಲ. ಹೊಲದ ಗುಡಿಸಲಿನಲ್ಲಿ ಒಂದು ಬೇಟೆ ನಾಯಿ ಕಟ್ಟಿಕೊಂಡು ಇದ್ದ. ದೀಪಾವಳಿಗೆ ಊರಲ್ಲಿ ಪಟಾಕಿ ಹಾರಿದರೆ ಇಬ್ಬರೂ ಜೋಳದ ಬೆಳೆಯೊಳಗೆ ಹೋಗಿ ಕೂರುತ್ತಿದ್ದರು. ಮಿಲಿಟರಿಯವ ಕುಡಿದಾನ ಅಂದರು, ಗಾಳಿ ಸೋಕೈತಿ ಅಂದರು, ತಾಯತ ಕಟ್ಟಿಸಿದೆವು. ವಿಯೆಟ್ನಾಂ ಯುದ್ಧದಿಂದ ಬಂದವರ ಒತ್ತಾಯದ ಮೇಲೆ ಅಮೆರಿಕದ ಮನೋವೈದ್ಯರ ಸಂಘ ಈ ಕಾಯಿಲೆಗೆ 1980ರಲ್ಲೇ ಹೆಸರಿಟ್ಟು ರೋಗಪಟ್ಟಿಯಲ್ಲಿ ಸೇರಿಸಿತ್ತು. ಓದಿದವಳು, ಪಾಠ ಹೇಳುವವಳು, ನನಗೇ ಅದು ಗೊತ್ತಾದದ್ದು ಅಣ್ಣ ತೀರಿಹೋದ ಮೇಲೆ, ಒಂದು ಪತ್ತೇದಾರಿ ಕಾದಂಬರಿಯಿಂದ. ಪತ್ತೇದಾರಿ ಓದಿ ಹೆಂಗಸರು ಕೆಡುತ್ತಾರೆ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಹದಿನೆಂಟು ವರ್ಷ ನಮ್ಮ ವೈನಿ ದಿನಕ್ಕೆರಡು ಸಲ ಹೊಲಕ್ಕೆ ಬುತ್ತಿ ಒಯ್ದಳು. ಅಣ್ಣನಿಗೆ ರೊಟ್ಟಿ ಪಲ್ಯ, ನಾಯಿಗೆ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ಊರಿಗೆ ಊರೇ ಆ ಮನುಷ್ಯ-ನಾಯಿಯ ಪ್ರೀತಿಯನ್ನು ಹೊಗಳಿತು. ನಾನೂ ರಜೆಗೆ ಹೋದಾಗ ಮಕ್ಕಳಿಗೆ ಅದನ್ನೇ ತೋರಿಸುತ್ತಿದ್ದೆ. ಬುತ್ತಿ ಹೊತ್ತವಳ ಕಾಲಿನ ಬಿರುಕು ನಾನು ನೋಡಲಿಲ್ಲ. ಇಂಥ ಕಾದಂಬರಿಗಳ ಮೇಲೆ ನನ್ನ ತಕರಾರು ಇಲ್ಲೇ ಇರುವುದು. ಪುಸ್ತಕ ಚೆನ್ನಾಗಿದೆ, ಓದಿ ಎಂದು ನಾಲ್ಕು ಊರಲ್ಲಿ ಹೇಳಿ ಬಂದವಳು ನಾನೇ. ಆದರೆ ಗಾಯಗೊಂಡ ಗಂಡಸನ್ನು ನಾಯಿಯೊಂದೇ ಗುಣಪಡಿಸಿತು ಎಂದು ಬರೆಯುವುದು ಸುಲಭ. ನಾಯಿಗೆ ಬಾಯಿಲ್ಲ. ಬಾಯಿದ್ದವಳನ್ನು ಕಥೆಯೊಳಗೆ ಕರೆದರೆ ಅವಳು ಲೆಕ್ಕ ಕೇಳುತ್ತಾಳೆ, ಕಥೆಯ ಓಟ ನಿಲ್ಲುತ್ತದೆ.

ವೈನಿ ಈಗ ನನ್ನ ಹತ್ತಿರವೇ ಸಿಂದಗಿಯಲ್ಲಿ ಇದ್ದಾಳೆ. ಆ ಕಥೆ ಹೇಳಿದ ಶನಿವಾರಗಳಲ್ಲಿ ಬಾಗಿಲ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದಳು. ಏನೂ ಕೇಳಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಒಂದು ದಿನ ಕೇಳಿದಳು:

"ಅಂವ ರಾತ್ರಿ ಚೀರಿದಾಗ ಆ ನಾಯಿ ಏನ್ ಮಾಡ್ತಿತ್ತವಾ?"

ಎದ್ದು ಬಂದು ಅವನ ಮೈಗೆ ಒತ್ತಿ ಮಲಗುತ್ತಿತ್ತು ಎಂದೆ.

"ನಮ್ಮದೂ ಹಂಗ ಮಾಡ್ತಿತ್ತು. ನಾ ಗುಡಸಲ ಹೊರಗ ನಿಂತ ನೋಡತಿದ್ದೆ. ಒಳಗ ಹೋದ್ರ ಅಂವ ಸಿಟ್ಟ ಆಗ್ತಿದ್ದ."

ಅವಳು ರಾತ್ರಿ ಹೊಲಕ್ಕೆ ಹೋಗುತ್ತಿದ್ದಳು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಏನು ಹೇಳಬೇಕೋ ತೋಚದೆ ಕೂತೆ. ಅವಳು ಬತ್ತಿಗಳನ್ನು ಡಬ್ಬಿಗೆ ತುಂಬಿ ಚಹಾಕ್ಕೆ ಎದ್ದಳು.

ಸ್ಕಾಟ್ ಮತ್ತು ಮ್ಯಾಗಿ ಮತ್ತೆ ಬರುವ ಪುಸ್ತಕವೊಂದಿದೆ, 2015ರ 'ದ ಪ್ರಾಮಿಸ್'. ಕಳಿಸೆಂದು ಮಗಳಿಗೆ ಹೇಳಿದ್ದೇನೆ. ಬಾಗೇವಾಡಿಯವಳು ಫೋನು ಮಾಡಿ, ಮೊದಲು ಕೊನೆಯ ಪುಟ ಓದಿ ಇಡ್ರಿ ಅಕ್ಕೋರ ಎಂದಿದ್ದಾಳೆ.