ಮೊಣಕೈಗೆ ಹೊಲಿಗೆ ಬಿತ್ತು, ಆಮೇಲೆ?



ನಮ್ಮ ಓರಗಿತ್ತಿಗೆ ಬಲ ಮೊಣಕೈಯ ಹೊರಮಗ್ಗುಲು ನೋವು ಶುರುವಾದಾಗ ‘ಎಲ್ಲೋ ಉಳುಕಿರಬೇಕು’ ಅಂತ ಎಣ್ಣೆ ನೀವಿಕೊಂಡು ಸುಮ್ಮನಿದ್ದರು. ಬರಬರುತ್ತಾ ಬಟ್ಟೆ ಹಿಂಡಲಾಗದು, ಕಾಫಿ ಲೋಟ ಎತ್ತಿದರೂ ಕೈ ಸೋಲುವುದು. ಡಾಕ್ಟರು ಒತ್ತಿ ನೋಡಿ “ಟೆನಿಸ್ ಎಲ್ಬೋ” ಅಂದರಂತೆ. “ನಾನು ಹಿಡಿದಿರೋದು ಲಟ್ಟಣಿಗೆ, ರಾಕೆಟ್ಟಲ್ಲ ಡಾಕ್ಟ್ರೇ” ಅಂದರಂತೆ ಅಕ್ಕ!

ಹೆಸರು ಆಟದ್ದಾದರೂ ಕಾಯಿಲೆ ನಮ್ಮದೇ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಗಟ್ಟಿ ಹುರಿಯಂತಾಗಿ ಮೊಣಕೈ ಎಲುಬಿಗೆ ಅಂಟಿಕೊಂಡಿರುತ್ತವೆ. ಆ ಹುರಿಗೇ ಟೆಂಡನ್ ಅನ್ನುವುದು. ಹಿಂಡುವುದು, ತಿರುವುವುದು, ಹಿಡಿದೆತ್ತುವುದು, ಎಲ್ಲದರ ಎಳೆತವೂ ಅಲ್ಲಿಗೇ. ವರ್ಷಗಟ್ಟಲೆ ಎಳೆದೂ ಎಳೆದೂ ನಾರು ಸವೆಯುತ್ತದೆ, ಸಣ್ಣಗೆ ಹರಿಯುತ್ತದೆ. ಸಚಿನ್ ತೆಂಡೂಲ್ಕರ್ 2005ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಎಡ ಮೊಣಕೈಗೆ ಆಪರೇಷನ್ ಮಾಡಿಸಿಕೊಂಡದ್ದೂ ಇದಕ್ಕೇ. ಮತ್ತೆ ಭಾರತ ತಂಡಕ್ಕೆ ಆಡಿದ್ದು ಅಕ್ಟೋಬರಿನಲ್ಲಿ.

ಆಪರೇಷನ್ ಅಂದ ಕೂಡಲೇ ಹೆದರಬೇಡಿ. ಹತ್ತು ಜನರಲ್ಲಿ ಎಂಟೊಂಬತ್ತು ಮಂದಿಗೆ ಅದರ ಗೊಡವೆಯಿಲ್ಲದೆ, ಕೆಲಸ ತಗ್ಗಿಸಿ ವ್ಯಾಯಾಮ ಮಾಡಿದರೆ ವರ್ಷದೊಳಗೆ ಗುಣವಾಗುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ನು ಕೆಲವು ವಾರ ಸುಖ ಕೊಡುವುದು ನಿಜ, ಆದರೆ ವರ್ಷದ ಕೊನೆಗೆ ನೋಡಿದರೆ ಅದನ್ನು ಚುಚ್ಚಿಸಿಕೊಳ್ಳದವರೇ ಮೇಲು ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. 6ರಿಂದ 12 ತಿಂಗಳು ಎಲ್ಲಾ ಮಾಡಿಯೂ ನೋವು ಬಗ್ಗದಿದ್ದರೆ ಮಾತ್ರ ಕತ್ತರಿ. ಕೆಟ್ಟ ನಾರನ್ನು ತೆಗೆದು, ಬೇಕಾದರೆ ಉಳಿದದ್ದನ್ನು ಎಲುಬಿಗೆ ಹೊಲಿಯುತ್ತಾರೆ. ಬಹುಪಾಲು ಅದೇ ದಿನ ಮನೆಗೆ.

ಎಡವಟ್ಟಾಗುವುದು ಮನೆಗೆ ಬಂದ ಮೇಲೆ. ಅಕ್ಕನ ಹೊಲಿಗೆ ಬಿಚ್ಚಿದ್ದು 12ನೇ ದಿನ. ಮೂರನೇ ವಾರಕ್ಕೆ ನೋವು ಇಳಿದಿತ್ತು. ನೆಂಟರು ಬಂದರು. “ಇಷ್ಟೇ ತಾನೇ” ಅಂತ ನೆನೆದ ದುಪ್ಪಟಿ ಹಿಂಡಿದರು. ರಾತ್ರಿಯೆಲ್ಲಾ ನರಳಾಟ! ನೋವು ಹೋಗುವುದು ಮೊದಲು, ಬಲ ಬರುವುದು ಎಷ್ಟೋ ದಿನಗಳ ಮೇಲೆ. ಸಚಿನ್‌ಗೆ ಐದು ತಿಂಗಳು, ನಮಗೆ ಮೂರು ವಾರವೇ? ತಪ್ಪು ಅಕ್ಕನದೊಂದೇ ಅಲ್ಲ ಬಿಡಿ. ಕೊರಳಿಗೆ ಕಟ್ಟಿದ ಜೋಲಿಪಟ್ಟಿ ಕಳಚಿದ್ದೇ ತಡ, ‘ವಾಸಿಯಾಯ್ತು’ ಅಂತ ಮನೆಯವರೆಲ್ಲಾ ತಟ್ಟೆ ಮುಂದೆ ಕೂತಿದ್ದರು.

ಹಾಗಂತ ಕೈ ಕಟ್ಟಿಯೇ ಇಡಬಾರದು. ಮೊಣಕೈ ಬಲು ಬೇಗ ಬಿಗಿದುಕೊಳ್ಳುವ ಕೀಲು. ಬೆರಳು, ಭುಜಗಳನ್ನು ಮೊದಲಿನಿಂದಲೇ ಆಡಿಸುತ್ತಿರಿ. ಮೊಣಕೈ ಮಡಿಸಿ ಚಾಚುವುದನ್ನು ಡಾಕ್ಟರು ಹೇಳಿದ ದಿನದಿಂದ ತಪ್ಪಿಸಬೇಡಿ. ಬಲ ಬರಿಸುವ ವ್ಯಾಯಾಮ ಸಾಮಾನ್ಯವಾಗಿ ಆರು ವಾರದ ಮೇಲೆ. ಅಕ್ಕನಿಗೆ ಹೇಳಿಕೊಟ್ಟದ್ದು ಹೀಗೆ: ಮುಂಗೈಯನ್ನು ಮೇಜಿನ ಮೇಲೆ ಊರಿ, ಅಂಗೈ ಕೆಳಮುಖವಾಗಿ ಅಂಚಿನಿಂದಾಚೆ ಬಿಡಬೇಕು. ಇನ್ನೊಂದು ಕೈಯಿಂದ ಅದನ್ನು ಮೇಲೆತ್ತಿ, ಆಮೇಲೆ ತಾನಾಗಿ ನಿಧಾನಕ್ಕೆ ಇಳಿಸಬೇಕು. ಮೊದಲು ಬರಿಗೈ, ಒಗ್ಗಿದ ಮೇಲೆ ಕಾಲು ಕಿಲೋ ಸಕ್ಕರೆ ಪೊಟ್ಟಣ. ತುಂಬಿದ ಕೊಡ, ಮುದ್ದೆ ಕೋಲು ಇವುಗಳ ತಂಟೆಗೆ ಮೂರರಿಂದ ಆರು ತಿಂಗಳು ಹೋಗಲೇಬೇಡಿ. ಆಮೇಲೂ ಕುಕ್ಕರೋ ಚೀಲವೋ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ, ಎಳೆತ ಕಡಿಮೆ.

ಜ್ವರ, ಗಾಯದಲ್ಲಿ ಕೀವು, ಬೆರಳಿಗೆ ಜೋಮು ಕಂಡರೆ ಮಾತ್ರ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಅಂದ ಹಾಗೆ, ಅಕ್ಕ ಈಗ ಬಟ್ಟೆ ಹಿಂಡೋದೇ ಇಲ್ಲ. ನೀರು ಸೋರುವ ಹಾಗೇ ತಂತಿಗೆ ಹಾಕಿಬಿಡುತ್ತಾರೆ. ದುಪ್ಪಟಿ ಮಾತ್ರ ಭಾವನವರ ಪಾಲು.