ಕಂಪ್ಯೂಟರ್ ಬಂತು, ಕಲಿಸೋರು ಯಾರು?

ಏಪ್ರಿಲ್-ಮೇ ಬಂತೆಂದರೆ ನಮ್ಮ ಹೆಂಗಸರ ಮಾತೆಲ್ಲ ಸ್ಕೂಲಿನ ಸುತ್ತಲೇ ಅಲ್ವಾ? ತರಕಾರಿ ಗಾಡಿ ಹತ್ತಿರ ನಿಂತರೂ ಅದೇ, ಮದುವೆ ಮನೆಯಲ್ಲಿ ಸಿಕ್ಕರೂ ಅದೇ. “ಅವರ ಸ್ಕೂಲಲ್ಲಿ ಪ್ರತಿ ಕ್ಲಾಸಿಗೂ ಸ್ಮಾರ್ಟ್ ಬೋರ್ಡ್ ಇದೆಯಂತೆ”, “ಲ್ಯಾಬಲ್ಲಿ ನಲವತ್ತು ಕಂಪ್ಯೂಟರ್, ಅದಕ್ಕೆ ಏಸಿ ಬೇರೆ”. ಹೇಳೋರ ಮುಖದಲ್ಲಿ ಹೆಮ್ಮೆ, ಕೇಳೋರ ಹೊಟ್ಟೆಯಲ್ಲಿ ಸಣ್ಣ ತಳಮಳ. ನಮ್ಮ ಮಗು ಎಲ್ಲಿ ಹಿಂದೆ ಬಿದ್ದುಬಿಡುತ್ತೋ ಅಂತ. ಆ ತಳಮಳಕ್ಕೇ ಸ್ಕೂಲಿನವರು ರಸೀತಿ ಹರಿಯೋದು. ಆದರೆ ಲೆಕ್ಕ ಹಾಕಬೇಕಾದದ್ದು ಕಂಪ್ಯೂಟರುಗಳನ್ನಲ್ಲ ಅಂತ ನನಗನ್ನಿಸುತ್ತೆ. ಹಾಗೆ ಲೆಕ್ಕ ಹಾಕಿದ ದೇಶಗಳ ಕಥೆ ನೋಡಿದರೆ ನಿಮಗೂ ಹಾಗೇ ಅನ್ನಿಸಬಹುದು.

ದಕ್ಷಿಣ ಅಮೆರಿಕದ ಪೆರು ದೇಶದ್ದನ್ನೇ ತಗೊಳ್ಳಿ. 2005ರಲ್ಲಿ ಅಮೆರಿಕದ ಎಂಐಟಿಯ ನಿಕೊಲಾಸ್ ನೆಗ್ರೊಪಾಂಟೆ ಅನ್ನುವವರು ಒಂದು ಕನಸು ಮಾರಾಟಕ್ಕಿಟ್ಟರು. ಬಡ ದೇಶಗಳ ಪ್ರತಿ ಮಗುವಿಗೂ ನೂರು ಡಾಲರಿನ ಲ್ಯಾಪ್‌ಟಾಪ್! ಹಸಿರು-ಬಿಳಿ ಬಣ್ಣದ ಮುದ್ದಾದ ಯಂತ್ರ, ಬಿಸಿಲಲ್ಲೂ ಓದಬಹುದಾದ ಪರದೆ. ಯಂತ್ರ ಕೈಗೆ ಬರೋ ಹೊತ್ತಿಗೆ ಬೆಲೆ ನೂರಲ್ಲ, ನೂರ ಎಂಬತ್ತು ದಾಟಿತ್ತು. (ಚೀಟಿ ಹಾಕಿ ಮಿಕ್ಸಿ ತಗೊಂಡ ನಮಗೆ ಇದೇನೂ ಹೊಸದಲ್ಲ ಬಿಡಿ.) 2008ರಿಂದ ಪೆರು ಸರ್ಕಾರ ಇಂಥವನ್ನು ಎಂಟು ಲಕ್ಷಕ್ಕೂ ಹೆಚ್ಚು ಕೊಂಡು ಬೆಟ್ಟಗುಡ್ಡದ ಹಳ್ಳಿಗಳಿಗೆಲ್ಲ ಹೊತ್ತು ಹಂಚಿತು. 2012ರಲ್ಲಿ ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧಕರು 319 ಹಳ್ಳಿ ಶಾಲೆಗಳನ್ನು ನೋಡಿ ವರದಿ ಕೊಟ್ಟರು. ಲ್ಯಾಪ್‌ಟಾಪ್ ಸಿಕ್ಕ ಶಾಲೆಯ ಮಕ್ಕಳಿಗೂ ಸಿಗದ ಶಾಲೆಯ ಮಕ್ಕಳಿಗೂ ಲೆಕ್ಕದಲ್ಲಾಗಲಿ ಭಾಷೆಯಲ್ಲಾಗಲಿ ವ್ಯತ್ಯಾಸವೇ ಇರಲಿಲ್ಲ. ಮಕ್ಕಳು ಯಂತ್ರ ಬಳಸೋದನ್ನೇನೋ ಚೆನ್ನಾಗಿ ಕಲಿತಿದ್ದರು, ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ತುಸು ಮುಂದಿದ್ದರು. ಅಷ್ಟೇ. ಹೆಚ್ಚಿನ ಕಡೆ ಇಂಟರ್ನೆಟ್ ಇರಲಿಲ್ಲ. ಟೀಚರುಗಳಿಗೆ ಸಿಕ್ಕಿದ್ದು ಕೆಲವು ದಿನಗಳ ತರಬೇತಿ, ಅದೂ ಯಂತ್ರ ಹೇಗೆ ನಡೆಸೋದು ಅಂತ. ಅದರಿಂದ ಭಾಗಾಕಾರ ಹೇಗೆ ಕಲಿಸೋದು ಅಂತ ಅವರಿಗೆ ಹೇಳಿಕೊಟ್ಟವರು ಕಡಿಮೆ. ಹಾಳಾದೀತು ಅನ್ನೋ ಭಯಕ್ಕೆ ಮನೆಗೆ ಕಳಿಸದೆ ಶಾಲೆಯಲ್ಲೇ ಇಟ್ಟುಕೊಂಡವರೂ ಇದ್ದರು.

ಇದೇ ಲ್ಯಾಪ್‌ಟಾಪನ್ನು 2006ರಲ್ಲಿ ನಮ್ಮ ಕೇಂದ್ರ ಸರ್ಕಾರ ಬೇಡ ಅಂದಿತ್ತು. ನಮಗೆ ಮೊದಲು ಬೇಕಾದದ್ದು ಕೊಠಡಿ ಮತ್ತು ಶಿಕ್ಷಕರು ಅನ್ನೋದು ಆಗ ಶಿಕ್ಷಣ ಇಲಾಖೆ ಕೊಟ್ಟ ಕಾರಣ. ಆಗ ಬೈದವರು ಬಹಳ. ಈಗ ನೋಡಿದರೆ ಆ ‘ಬೇಡ’ ಸರಿಯಾಗೇ ಇತ್ತು ಅಂತ ನನ್ನ ಅಭಿಪ್ರಾಯ.

ಹಾಗಂದ್ರೆ ಮಕ್ಕಳು ತಾವೇ ಕಲಿಯೋದೇ ಇಲ್ವಾ ಅಂತ ಕೇಳಬಹುದು ನೀವು. 1999ರ ಜನವರಿ 26ರಂದು ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಅವರು ತಮ್ಮ ಆಫೀಸಿನ ಗೋಡೆ ಕೊರೆದು, ಕೊಳೆಗೇರಿಯ ಕಡೆಗೆ ಮುಖ ಮಾಡಿ ಒಂದು ಕಂಪ್ಯೂಟರ್ ಇಟ್ಟರು. ಯಾರೂ ಹೇಳಿಕೊಡದೆ ಮಕ್ಕಳು ಅದನ್ನು ನಡೆಸಿದರು. ಇದಕ್ಕೆ ಪ್ರಪಂಚವೆಲ್ಲ ಚಪ್ಪಾಳೆ ತಟ್ಟಿತು, 2013ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಟೆಡ್ ಬಹುಮಾನವೂ ಬಂತು. ಮಕ್ಕಳು ಜಾಣರು ಅನ್ನೋದರಲ್ಲಿ ಎರಡು ಮಾತಿಲ್ಲ, ನಮ್ಮ ಮನೆಯ ಮೂರು ವರ್ಷದ ಪುಟಾಣಿ ಫೋನ್ ಲಾಕ್ ತೆಗೆಯೋದನ್ನ ನಾವೇ ನೋಡಿಲ್ವೇ? ಆದರೆ ದೆಹಲಿಯ ಇಂಥ ಗೋಡೆ ಕಂಪ್ಯೂಟರುಗಳನ್ನು ನೋಡಿಬಂದ ಮಾರ್ಕ್ ವಾರ್ಶವರ್ ಅನ್ನೋ ಅಧ್ಯಾಪಕರು ಬರೆದದ್ದೇ ಬೇರೆ. ಇಂಟರ್ನೆಟ್ ಕೆಲಸ ಮಾಡ್ತಿದ್ದುದು ಅಪರೂಪ, ಹಿಂದಿಯಲ್ಲಿ ಏನೂ ಇರಲಿಲ್ಲ, ಮಕ್ಕಳು ಹೆಚ್ಚಾಗಿ ಆಟ ಆಡ್ತಿದ್ದರು, ಚಿತ್ರ ಬರೀತಿದ್ದರು. ಮುಂದೆ ನಿಂತಿದ್ದವರು ಬಹುಪಾಲು ಹುಡುಗರು.

ಹುಡುಗರು! ಈ ಮಾತನ್ನ ಸ್ವಲ್ಪ ಹಿಡಿದು ಕೂತ್ಕೊಳ್ಳೋಣ. ಆಫ್ರಿಕದಲ್ಲಿ ‘ವರ್ಲ್ಡ್ ಲಿಂಕ್ಸ್’ ಅನ್ನೋ ಕಾರ್ಯಕ್ರಮದಡಿ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿದ್ದರು. ಯಾರು ಮೊದಲು ಬರ್ತಾರೋ ಅವರಿಗೆ ಜಾಗ ಅನ್ನೋದು ಎಷ್ಟೋ ಕಡೆಯ ಪದ್ಧತಿ. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಆದರೆ ಉಗಾಂಡದಲ್ಲಿ ಏನಾಯ್ತು ಅಂದ್ರೆ, ಗಂಟೆ ಹೊಡೆದ ಕೂಡಲೇ ಹುಡುಗರು ಓಡಿಹೋಗಿ ಕುರ್ಚಿ ಹಿಡೀತಿದ್ದರು. ಹುಡುಗಿಯರು ಓಡೋದು ಲಕ್ಷಣವಲ್ಲ ಅಂತ ಬೆಳೆದವರು, ನಿಧಾನಕ್ಕೆ ನಡೆದು ಬರೋ ಹೊತ್ತಿಗೆ ಎಲ್ಲ ಭರ್ತಿ. ಮನೆಗೆ ಬೇಗ ಹೋಗಬೇಕು, ನೀರು ತರಬೇಕು, ತಮ್ಮನನ್ನ ನೋಡ್ಕೋಬೇಕು ಅನ್ನೋದು ಬೇರೆ. ಇದನ್ನು ಓದಿದಾಗ ಇದು ಉಗಾಂಡದ ಮಾತು ಅಂತ ನನಗನ್ನಿಸಲೇ ಇಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಒಂದೇ ಫೋನಿದ್ದ ಮನೆಯಲ್ಲಿ ಅದು ಯಾರ ಕೈಯಲ್ಲಿತ್ತು, ನೆನಪು ಮಾಡ್ಕೊಳ್ಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇನೆ ಅಂದ ಹೆಂಗಸರು ನೂರಕ್ಕೆ 33, ಗಂಡಸರು 57. ಈ ಅಂತರ ಶುರುವಾಗೋದು ಸ್ಕೂಲಿನ ಕುರ್ಚಿಯಿಂದಲೂ ಹೌದು.

ನಮ್ಮನೆ ಕೆಲಸಕ್ಕೆ ಬರುವಾಕೆಯ ಮಗಳು ಒಂಬತ್ತನೇ ಕ್ಲಾಸು, ಸರ್ಕಾರಿ ಪ್ರೌಢಶಾಲೆ. ಹೋದ ಆಯುಧಪೂಜೆ ರಜದಲ್ಲಿ ಅಮ್ಮನ ಜೊತೆ ಬಂದಿದ್ದಳು. “ನಿಮ್ಮ ಸ್ಕೂಲಲ್ಲಿ ಕಂಪ್ಯೂಟರ್ ಇದ್ಯೇನೇ?” ಅಂದೆ. “ಇದೆ ಆಂಟಿ, ಹನ್ನೊಂದಿದೆ. ನಿನ್ನೆ ಪೂಜೆ ಮಾಡಿದ್ವಿ. ಎಲ್ಲದಕ್ಕೂ ನಾವೇ ಅರಿಶಿನ ಕುಂಕುಮ ಹಚ್ಚಿ ಹೂವ ಇಟ್ವಿ” ಅಂದಳು. “ಮತ್ತೆ ಯಾವಾಗ ಉಪಯೋಗಿಸ್ತೀರಿ?” ಅಂದರೆ ಹುಡುಗಿ ನಕ್ಕಳು. ಕೋಣೆಗೆ ಬೀಗ, ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ. ಕಲಿಸ್ತಿದ್ದ ಸರ್ ಗುತ್ತಿಗೆ ಮುಗಿದು ಹೋದರಂತೆ, ಯುಪಿಎಸ್ ಬ್ಯಾಟರಿ ಕೆಟ್ಟಿದೆಯಂತೆ. “ಮುಟ್ಟಿದ್ರೆ ಹಾಳಾಗತ್ತೆ ಅಂತಾರೆ ಆಂಟಿ.” ಅವಳಮ್ಮ ಪಾತ್ರೆ ತೊಳೀತಾ ಅಲ್ಲಿಂದಲೇ “ಪೂಜೆಗಾದ್ರೂ ಒಳಗೆ ಬಿಟ್ರಲ್ಲಕ್ಕ” ಅಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ಹೆಡ್‌ಮಾಸ್ಟರನ್ನ ಬೈದು ಪ್ರಯೋಜನವಿಲ್ಲ, ಒಂದು ಮೌಸ್ ಕಳೆದರೂ ಲೆಕ್ಕ ಕೊಡಬೇಕಾದವರು ಅವರೇ ತಾನೆ? ದೇಶದಲ್ಲಿ ಕೆಲಸ ಮಾಡೋ ಕಂಪ್ಯೂಟರ್ ಇರೋ ಶಾಲೆಗಳು 2023-24ರ ಸರ್ಕಾರಿ ಲೆಕ್ಕದಲ್ಲಿ ನೂರಕ್ಕೆ 57. ಕರೆಂಟು ಹಾಕಿದರೆ ಹತ್ತಿಕೊಳ್ಳುತ್ತೆ ಅನ್ನೋದು ಒಂದು, ಮಕ್ಕಳ ಕೈ ತಾಗುತ್ತೆ ಅನ್ನೋದು ಇನ್ನೊಂದು.

ಪಕ್ಕದ ಕೇರಳದವರು ಇದನ್ನು ಬೇರೆ ಥರ ಮಾಡಿದರು. 2001ರಲ್ಲಿ ಅಲ್ಲಿ ಐಟಿ ಅಟ್ ಸ್ಕೂಲ್ ಶುರುವಾಯಿತು. ಅದಕ್ಕೆ ಈಗ ಕೈಟ್ ಅಂತ ಹೆಸರು. ಹೊರಗಿನ ಕಂಪನಿಯ ಹುಡುಗರನ್ನು ಗುತ್ತಿಗೆ ಮೇಲೆ ತರುವ ಬದಲು ಗಣಿತ, ವಿಜ್ಞಾನ, ಮಲಯಾಳಂ ಕಲಿಸೋ ಟೀಚರುಗಳಿಗೇ ತರಬೇತಿ ಕೊಟ್ಟರು. ದುಡ್ಡು ಕೊಡದೆ ಬಳಸಬಹುದಾದ ಸಾಫ್ಟ್‌ವೇರನ್ನೇ ಆರಿಸಿಕೊಂಡರು. 2018ರಿಂದ ‘ಲಿಟ್ಲ್ ಕೈಟ್ಸ್’ ಅಂತ ಮಕ್ಕಳದೇ ಕ್ಲಬ್ಬುಗಳಿವೆ, ಶಾಲೆಯ ಯಂತ್ರಗಳನ್ನ ನೋಡಿಕೊಳ್ಳೋದರಲ್ಲಿ ಅವರೂ ಕೈ ಜೋಡಿಸ್ತಾರೆ. ಟೀಚರು ವರ್ಗವಾಗಿ ಹೋದರೂ ಬರೋ ಟೀಚರಿಗೂ ಗೊತ್ತಿರುತ್ತೆ. ನಮ್ಮಲ್ಲೂ ಅದೇ ಸುಮಾರಿಗೆ ‘ಮಾಹಿತಿ ಸಿಂಧು’ ಬಂದಿತ್ತು, ಪ್ರೌಢಶಾಲೆಗಳಿಗೆ ಯಂತ್ರವೂ ಬಂತು. ಆದರೆ ಕಲಿಸುವ ಹೊಣೆ ಖಾಸಗಿ ಸಂಸ್ಥೆಗಳದ್ದಾಗಿತ್ತು. ಗುತ್ತಿಗೆಯ ವಿದ್ಯೆ ಗುತ್ತಿಗೆಯಷ್ಟೇ ದಿನ.

ಇಷ್ಟು ಓದಿ, ‘ಬಡವರ ಮಕ್ಕಳಿಗೆ ಕಂಪ್ಯೂಟರ್ ಬೇಡ ಅಂತಿದ್ದಾಳೆ ಇವಳು’ ಅಂತ ಕೋಪ ಬಂತೇ? ಸ್ವಲ್ಪ ತಾಳಿ. ಒಳ್ಳೇದಾದ ಕಡೆಯೂ ಇದೆ, ಅದೂ ನಮ್ಮ ದೇಶದಲ್ಲೇ. ಗುಜರಾತಿನ ವಡೋದರದ ಮುನ್ಸಿಪಲ್ ಶಾಲೆಗಳಲ್ಲಿ 2002ರಿಂದ ‘ಪ್ರಥಮ್’ ಸಂಸ್ಥೆಯವರು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವಾರಕ್ಕೆ ಎರಡೇ ಗಂಟೆ ಕಂಪ್ಯೂಟರಿನಲ್ಲಿ ಲೆಕ್ಕದ ಆಟ ಆಡಿಸಿದರು. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು. ಲೆಕ್ಕ ನಿಜಕ್ಕೂ ಸುಧಾರಿಸಿತು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದ ತಂಡವೇ ಇದನ್ನು ಅಳೆದು ನೋಡಿದ್ದು. ಆದರೆ ಅದೇ ಊರಲ್ಲಿ ಅದೇ ತಂಡ ಇನ್ನೊಂದನ್ನೂ ಅಳೆದಿತ್ತು, ಅದು ನಮಗೆ ಇನ್ನೂ ಹತ್ತಿರದ್ದು. ‘ಬಾಲಸಖಿ’ ಅಂತ. ಪ್ರೌಢಶಾಲೆ ಮುಗಿಸಿದ ಅಕ್ಕಪಕ್ಕದ ಹೆಣ್ಣುಮಕ್ಕಳು ಓದಿನಲ್ಲಿ ಹಿಂದಿರೋ ಹದಿನೈದಿಪ್ಪತ್ತು ಮಕ್ಕಳನ್ನು ಕೂರಿಸ್ಕೊಂಡು ದಿನಕ್ಕೆ ಎರಡು ಗಂಟೆ ಹೇಳಿಕೊಟ್ಟರು. ಆಗಿನ ಸಂಬಳ ತಿಂಗಳಿಗೆ ಐನೂರರಿಂದ ಏಳುನೂರೈವತ್ತು ರೂಪಾಯಿ. ಮಕ್ಕಳಿಗೆ ಲಾಭ ಇದರಿಂದಲೂ ಆಯ್ತು. ಖರ್ಚಿಗೆ ಹೋಲಿಸಿದರೆ ಕಂಪ್ಯೂಟರಿಗಿಂತ ಐದಾರು ಪಟ್ಟು ಹೆಚ್ಚು ಫಲ ಅಂತ ಅವರ ಲೆಕ್ಕವೇ ಹೇಳುತ್ತೆ. (ಆ ಸಂಬಳ ಮಾತ್ರ ತೀರಾ ಕಡಿಮೆಯಾಯ್ತು ಅಂತ ನನ್ನ ತಕರಾರು. ಹೆಂಗಸರ ಕೆಲಸ ಅಂದ್ರೆ ಯಾವಾಗ್ಲೂ ಅಗ್ಗವೇ!)

ಗುಜರಾತಿನದೇ ಇನ್ನೊಂದು ಪ್ರಯೋಗ, ಜ್ಞಾನಶಾಲಾ ಅನ್ನೋ ಸಂಸ್ಥೆಯ ತರಗತಿಗಳಲ್ಲಿ ನಡೆದದ್ದು. ಟೀಚರ ಪಾಠದ ಹೊತ್ತನ್ನ ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟಲ್ಲಿ ಮಕ್ಕಳ ಕಲಿಕೆ ಮೊದಲಿಗಿಂತ ಕೆಟ್ಟಿತು. ಪಾಠ ಪಾಠದಂತೆ ನಡೆದು, ಶಾಲೆಯ ಹೊತ್ತಿನ ಆಚೆಗೆ ಕಂಪ್ಯೂಟರ್ ಕೊಟ್ಟಲ್ಲಿ ಸುಧಾರಿಸಿತು. ಯಂತ್ರ ಅದೇ, ಸಾಫ್ಟ್‌ವೇರ್ ಅದೇ. ಊಟದ ಜೊತೆ ಉಪ್ಪಿನಕಾಯಿ ಚೆನ್ನ, ಊಟದ ಬದಲಿಗೆ ಉಪ್ಪಿನಕಾಯಿ ಬಡಿಸಿದರೆ?

ದೆಹಲಿಯಲ್ಲಿ 2015ರಲ್ಲಿ ‘ಮೈಂಡ್‌ಸ್ಪಾರ್ಕ್’ ಅನ್ನೋ ಸಾಫ್ಟ್‌ವೇರನ್ನು ಬಡ ಮಕ್ಕಳಿಗಾಗಿ ಶಾಲೆಯ ನಂತರದ ಕೇಂದ್ರಗಳಲ್ಲಿ ಬಳಸಿದಾಗಲೂ ಹೀಗೇ. ಅರ್ಧ ಹೊತ್ತು ಕಂಪ್ಯೂಟರ್, ಅರ್ಧ ಹೊತ್ತು ಮನುಷ್ಯರ ಪಾಠ. ಮುಖ್ಯ ಗುಟ್ಟು ಏನಪ್ಪಾ ಅಂದ್ರೆ, ಆರನೇ ಕ್ಲಾಸಿನ ಮಗುವಿಗೆ ಬರೋದು ಮೂರನೇ ಕ್ಲಾಸಿನ ಲೆಕ್ಕ ಮಾತ್ರ ಆಗಿದ್ದರೆ ಯಂತ್ರ ನಾಚಿಕೆ ಪಡಿಸದೆ ಅಲ್ಲಿಂದಲೇ ಶುರು ಮಾಡುತ್ತಿತ್ತು. ಐವತ್ತು ಮಕ್ಕಳ ಕ್ಲಾಸಿನಲ್ಲಿ ಟೀಚರಿಗೆ ಆಗದ ಕೆಲಸ ಅದು. ಅದೂ ಮಕ್ಕಳ ಭಾಷೆ ಹಿಂದಿಯಲ್ಲಿ. ನಾಲ್ಕೂವರೆ ತಿಂಗಳಲ್ಲಿ ಲೆಕ್ಕ, ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಮುಂದೆ ಬಂದರು.

ಭಾಷೆಯ ಮಾತು ಬಂತಲ್ಲ, ಒಂದು ವಿಷಯ. ಬಿಎ ಮಾಡಿದ ನಾನು ಕಂಪ್ಯೂಟರಿನಲ್ಲಿ ಕನ್ನಡ ಬರೆಯೋದು ಕಲಿತದ್ದು ಮದುವೆಯಾದ ಮೇಲೆ, ‘ನುಡಿ’ ಹಾಕ್ಕೊಂಡು. ಕೆ.ಪಿ. ರಾವ್ ರೂಪಿಸಿದ ಆ ಕೀಲಿಮಣೆ ವಿನ್ಯಾಸ ಒಂದು ವಾರದಲ್ಲಿ ಕೈಗೆ ಕೂರುತ್ತೆ. ನಿಮ್ಮ ಮಗುವಿನ ಸ್ಕೂಲಲ್ಲಿ ಕಂಪ್ಯೂಟರ್ ಪಾಠಕ್ಕೆ ಅಂತ ಇಷ್ಟು ವರ್ಷ ಫೀಸು ಕಟ್ಟಿದ್ದೀರಲ್ಲ, ಒಂದು ಸಾಲು ಕನ್ನಡ ಟೈಪ್ ಮಾಡು ಅಂತ ಹೇಳಿ ನೋಡಿ. ಪವರ್‌ಪಾಯಿಂಟ್‌ನಲ್ಲಿ ಬಣ್ಣ ಬಣ್ಣದ ಅಕ್ಷರ ಹಾರಿಸೋ ಮಕ್ಕಳು ಅಜ್ಜಿಗೆ ನಾಲ್ಕು ಸಾಲು ಬರೆಯಲಾರರು.

ಹಾಗಾಗಿ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಎಷ್ಟು ಕಂಪ್ಯೂಟರ್ ಇದೆ ಅಂತ ಕೇಳಬೇಡಿ. ವಾರಕ್ಕೆ ಎಷ್ಟು ನಿಮಿಷ ನನ್ನ ಮಗುವಿನ ಕೈ ಕೀಬೋರ್ಡ್ ಮೇಲಿರುತ್ತೆ ಅಂತ ಕೇಳಿ. ಒಂದು ಯಂತ್ರಕ್ಕೆ ಮೂವರು ಕೂತರೆ ಮೌಸ್ ಯಾರ ಕೈಲಿರುತ್ತೆ, ಸರದಿ ಇದೆಯಾ ಅಂತ ಕೇಳಿ. ಹೆಣ್ಣುಮಕ್ಕಳ ತಾಯಂದಿರಂತೂ ಸಂಕೋಚ ಬಿಟ್ಟು ಕೇಳಿ. ಸ್ಮಾರ್ಟ್ ಬೋರ್ಡಿನಲ್ಲಿ ಸಿನಿಮಾ ಥರ ಪಾಠ ಓಡಿಸಿ ಟೀಚರು ನೋಟ್ಸ್ ತಿದ್ದುತ್ತಾ ಕೂರೋದಾದರೆ ಅದಕ್ಕೆ ನಾವು ಬೇರೆ ಫೀಸು ಯಾಕೆ ಕೊಡಬೇಕು? ಒಬ್ಬರೇ ಕೇಳಿದರೆ ಜಗಳಗಂಟಿ ಅಂತಾರೆ, ನಾಲ್ಕು ಜನ ಸೇರಿ ಕೇಳಿ. ನಿಮ್ಮನೆ ಕೆಲಸದಾಕೆಯ ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಅಲ್ಲಿನ ಎಸ್‌ಡಿಎಂಸಿ ಸಭೆಯಲ್ಲಿ ಬೀಗದ ಕೈ ವಿಷಯ ಎತ್ತೋಕೆ ಆಕೆಗೆ ಹೇಳಿಕೊಡಿ. ನಮ್ಮಾಕೆ ಮೊದಲು ಹೆದರಿದಳು, “ನಾನು ಏನಂತ ಕೇಳ್ಲಿ ಅಕ್ಕಾ, ಓದಿದೋಳಲ್ಲ” ಅಂತ. “ಶನಿವಾರ ಒಂದು ಗಂಟೆ ಬಾಗಿಲು ತೆಗೀರಿ ಸಾರ್ ಅಂತ ಕೇಳು, ಅಷ್ಟೇ” ಅಂದೆ. ಕೇಳಿದ್ದಾಳೆ. ನೋಡ್ತೀವಿ ಅಂದಿದ್ದಾರಂತೆ.

ಇನ್ನು ಮನೆಯಲ್ಲಿ ಮೂಲೆ ಸೇರಿರೋ ಹಳೇ ಕಂಪ್ಯೂಟರನ್ನು ಶಾಲೆಗೆ ದಾನ ಕೊಡೋ ಯೋಚನೆ ನಿಮಗಿರಬಹುದು. ಒಳ್ಳೇದೇ, ಆದರೆ ಗುಜರಿಯವನು ಬೇಡ ಅಂದದ್ದನ್ನ ಶಾಲೆಗೆ ಸಾಗಿಸಬೇಡಿ. ರಿಪೇರಿ ಮಾಡಿಸಿ, ಕೀಬೋರ್ಡು ಮೌಸು ಸಮೇತ, ಕನ್ನಡ ಬರೆಯೋ ಸೌಲಭ್ಯ ಹಾಕಿಸಿ ಕೊಡಿ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಅದರ ಮೇಲೇ ಅಂಟಿಸಿ. ಮಧ್ಯಾಹ್ನ ಸೀರಿಯಲ್ ನೋಡೋ ಹೊತ್ತಲ್ಲಿ ವಾರಕ್ಕೆರಡು ದಿನ ಹೋಗಿ ಹೇಳಿಕೊಡೋಕೆ ಆದರಂತೂ ಯಂತ್ರಕ್ಕಿಂತ ಅದೇ ಹೆಚ್ಚು. ಹೆಡ್‌ಮಾಸ್ಟರ ಒಪ್ಪಿಗೆ ಮೊದಲು ಕೇಳಿ. ಮತ್ತೆ ಕೊಡೋ ಮುಂಚೆ ಅದರೊಳಗಿನ ಫೋಟೊ, ಬ್ಯಾಂಕಿನ ಕಾಗದ-ಪತ್ರ ಎಲ್ಲ ಬೇರೆ ಕಡೆ ತೆಗೆದಿಟ್ಟುಕೊಂಡು ಪೂರ್ತಿ ಅಳಿಸಿಸಿಬಿಡಿ. ಇದನ್ನ ಯಜಮಾನರು ಮಾಡ್ತಾರೆ ಅಂತ ಬಿಡಬೇಡಿ, ನೀವೇ ನಿಂತು ಮಾಡಿಸಿ.